ಒಂದು ಮುದ್ದೆಗೆ ಎಷ್ಟು ಗ್ರಾಂ

ಗುರುವಾರ ರಾತ್ರಿ ಎಂಟೂವರೆಗೆ ತರಗತಿ.
ಕ್ಯಾಮೆರಾ ಆಫ್, ಮೈಕ್ ಮ್ಯೂಟ್.
ಕುಕ್ಕರಿನ ಮೂರನೇ ಕೂಗಿಗೆ
ಮಾನಕ ವಿಚಲನೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ.
ನಲವತ್ತೊಂದರಲ್ಲಿ ಸ್ನಾತಕೋತ್ತರ,
ಸಾರ್ವಜನಿಕ ಆರೋಗ್ಯ ಮತ್ತು ಪೋಷಣೆ.
ಎರಡು ವರ್ಷದ ಓದನ್ನು ನಾಲ್ಕಕ್ಕೆ ಹಿಗ್ಗಿಸಿದ್ದೇನೆ,
ನೆಂಟರು ಬಂದಾಗ ಸಾರಿಗೆ ನೀರು ಬೆರೆಸುವ ಹಾಗೆ.

ಹಗಲು ಲಗ್ಗೆರೆಯ ಆರೋಗ್ಯ ಕೇಂದ್ರದಲ್ಲಿ ನರ್ಸು.
ಬಸುರಿಯರ ಅಂಗೈಗೆ
ಕಬ್ಬಿಣದ ಮಾತ್ರೆ ಎಣಿಸಿ ಹಾಕಿದ ಕೈ
ರಾತ್ರಿ ಅದೇ ಕಬ್ಬಿಣವನ್ನು
ಮಿಲಿಗ್ರಾಂ ಲೆಕ್ಕದಲ್ಲಿ ತಪ್ಪು ತಪ್ಪಾಗಿ ಕೂಡುತ್ತದೆ.

ಈ ಸಲದ ಅಸೈನ್‌ಮೆಂಟು:
ಹನ್ನೊಂದು ಮನೆ, ಇಪ್ಪತ್ನಾಲ್ಕು ಗಂಟೆಯ ನೆನಪು.
ನಿನ್ನೆ ಎದ್ದಾಗಿನಿಂದ ಇವತ್ತು ಏಳುವ ತನಕ
ಬಾಯಿಗೆ ಹೋದದ್ದೆಲ್ಲ.
ಅಳತೆಗೆ ಒಂದು ಚಿತ್ರಪುಸ್ತಕ ಕಳಿಸಿದ್ದರು:
ಬ್ರೆಡ್ಡಿನ ತೆಳು ಹೋಳು, ದಪ್ಪ ಹೋಳು,
ಆಲೂಗಡ್ಡೆ ಮೂರು ಗಾತ್ರ,
ಬಿಳಿ ಬಟ್ಟಲಲ್ಲಿ ಹಾಲು, ಕಾರ್ನ್‌ಫ್ಲೇಕ್ಸು.
ಮುದ್ದೆ ಇರಲಿಲ್ಲ.

ಕೇಳಿದೆ. ಮೊದಲ ಸಲ ಮೈಕ್ ಆನ್ ಮಾಡಿ.
ಮೇಷ್ಟ್ರು ತುಸು ಹೊತ್ತು ಸುಮ್ಮನಿದ್ದರು,
ನೆಟ್‌ವರ್ಕ್ ಹೋಯಿತು ಅಂದುಕೊಂಡೆ.
"ನೀವೇ ತೂಗಿ ನೋಡಿ" ಅಂದರು.

ತಕ್ಕಡಿ ಕೊಟ್ಟದ್ದು ಕೋಳಿ ಅಂಗಡಿಯ ಮುನೀರ್ ಭಾಯಿ,
"ಭಾನುವಾರ ಒಂದು ಕೇಳಬೇಡಿ ಸಿಸ್ಟರ್" ಅಂತ.
ಎರಡು ಸಲ ಸೋಪು ಹಾಕಿ ಒರೆಸಿದೆ.

ಕಾವೇರಿ ನೀರು ಬಿಟ್ಟಿದ್ದರು, ಮೆಟ್ಟಿಲ ತುಂಬ ಕೊಡ.
ದಾಟಿಕೊಂಡು ಮೂರನೇ ಮಹಡಿಯ ಶೀಟಿನ ಮನೆಗೆ ಹೋದರೆ
ಕೆಂಪರತ್ನ ಒಲೆ ಮುಂದೆ,
ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು
ಕೋಲಿನಿಂದ ತಿರುವುತ್ತಿದ್ದಳು.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರು ಹೊಲಿದ ತೋಳು
ಇಲ್ಲಿ ಇನ್ನೊಂದು ಶಿಫ್ಟು.

ತಟ್ಟೆಯ ತೂಕ ಕಳೆದು ಒಂದೊಂದನ್ನೇ ಇಟ್ಟೆವು.
ಮಗ ಕ್ರಿಕೆಟ್ ಸ್ಕೋರಿನಂತೆ ಕೂಗಿದ:
ಅಪ್ಪಂದು ನಾನ್ನೂರ ಹನ್ನೆರಡು!
ನಂದು ಇನ್ನೂರ ಎಂಬತ್ತಾರು!
ಅಜ್ಜಿ ಇನ್ನೂರ ಐದು. ಅಕ್ಕ ನೂರ ತೊಂಬತ್ತು.
"ನಿಂದು?" ಅಂದೆ.
"ನಂದೇನ್ ಮೇಡಂ, ಪಾತ್ರೇಲಿ ಐತಲ್ಲ."

ತಳ ಕೆರೆದಳು, ಕೋಲು ಒರೆಸಿದಳು,
ಒದ್ದೆ ಕೈಯಲ್ಲಿ ಉರುಟು ಮಾಡಿ ಇಟ್ಟಳು.
ತೊಂಬತ್ತಾರು.
ಮಗ ಕೂಗಲಿಲ್ಲ.

ಕೆಂಪರತ್ನ ನನ್ನ ಹಾಳೆಯನ್ನು ಬಗ್ಗಿ ನೋಡಿದಳು.
"ಕಮ್ಮಿ ಬಂದ್ರೆ ನಿಮ್ಗೂ ಮಾರ್ಕ್ಸ್ ಕಮ್ಮಿ ಹಾಕ್ತಾರಾ?
ನೂರೈವತ್ತು ಅಂತ ಬರ್ಕಳಿ ಮೇಡಂ,
ನಾನೇನ್ ಯಾರಿಗೂ ಹೇಳಕ್ಕೋಗಲ್ಲ."

ಸರಾಸರಿ, ಇನ್ನೂರ ಮೂವತ್ತೇಳು ಪಾಯಿಂಟ್ ಎಂಟು.
ಆ ತೂಕದ ಮುದ್ದೆ
ಆ ಮನೆಯಲ್ಲಿ ಒಂದೂ ಇರಲಿಲ್ಲ.

ಹನ್ನೊಂದು ಮನೆ ಮುಗಿದವು. ಕೊನೆಗೊಂದು ಷರಾ:
ವಿದ್ಯಾರ್ಥಿಯು ತನ್ನದೇ ನೆನಪನ್ನೂ ತುಂಬತಕ್ಕದ್ದು.
ಗಡುವಿಗೆ ನಲವತ್ತು ನಿಮಿಷ ಇತ್ತು.
ಬೆಳಿಗ್ಗೆ ಆರು, ಕಾಫಿ.
ಹತ್ತಕ್ಕೆ, ಚುಚ್ಚುಮದ್ದಿಗೆ ಅತ್ತ ಮಗು
ಬೇಡವೆಂದು ಬಿಟ್ಟ ಅರ್ಧ ಬಿಸ್ಕತ್ತು.
ಮಧ್ಯಾಹ್ನ ಮೊಸರನ್ನ, ಲಸಿಕೆಯ ಪೆಟ್ಟಿಗೆ ಬಂತೆಂದು
ಡಬ್ಬಿ ಮುಚ್ಚಿಟ್ಟದ್ದು ನೆನಪಿದೆ, ತೆರೆದದ್ದು ಇಲ್ಲ.
ರಾತ್ರಿ?
ಎಲ್ಲರಿಗೂ ಬಡಿಸಿದ್ದು ನೆನಪಿದೆ.
ಸಿಂಕಿನ ಬಳಿ ನಿಂತದ್ದು ನೆನಪಿದೆ.
ಬೆರಳಿಗೆ ಅಂಟಿದ್ದನ್ನು ನೆಕ್ಕುತ್ತ
ಕಿವಿಯಲ್ಲಿ ಪಾಠ ಕೇಳುತ್ತಿದ್ದದ್ದು, ಅದೂ.

ಅದೇ ಖಾನೆಯಲ್ಲಿ ಕರ್ಸರು ಮಿಣುಕುತ್ತಿತ್ತು.
ಬೆರಳು ತಾನಾಗಿಯೇ ಒತ್ತಿತು,
ನೂರೈವತ್ತು.

ಪಾತ್ರೆ ಇನ್ನೂ ತೊಳೆದಿರಲಿಲ್ಲ.
ತಕ್ಕಡಿ ಚೀಲದಲ್ಲೇ ಇತ್ತು.